ಕಾಕಾನ ಹಸಿರು ದೀಪಗಳು

ನಮ್ಮ ಕಾಕಾ ಟಿ.ವಿ. ನೋಡುವುದಿಲ್ಲ. ಗಜೇಂದ್ರಗಡದ ಅರ್ಧ ಊರಿಗೆ ಟಿ.ವಿ. ತೋರಿಸುವವರು ಮಾತ್ರ ಅವರೇ! ಅವರು ನೋಡುವುದು ದೀಪಗಳನ್ನು. ಅವರ ಕೇಬಲ್ ಕೋಣೆಯಲ್ಲಿ ಕಬ್ಬಿಣದ ಒಂದು ಫ್ರೇಮು ಇದೆ. ಅದರೊಳಗೆ ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಸಾಲಾಗಿ ಚಾನೆಲ್ಲು ಕಳಿಸುವ ಮಾಡ್ಯೂಲುಗಳು, ಒಂದೊಂದಕ್ಕೂ ಸಾಸಿವೆ ಕಾಳಿನಷ್ಟು ದೀಪ. ಹಸಿರಿದ್ದರೆ ಕ್ಷೇಮ, ಹಳದಿಯಾದರೆ ಗಂಡಾಂತರ, ಕೆಂಪಾದರೆ ಪ್ರಳಯ!

ಈಚೆಗೆ ಯಾರೋ ಪುಣ್ಯಾತ್ಮ ಆ ಫ್ರೇಮನ್ನು ನೆಟ್‌ವರ್ಕಿಗೆ ಸೇರಿಸಿ, ದೀಪಗಳೆಲ್ಲ ಮೊಬೈಲಿನಲ್ಲೇ ಕಾಣುವಂತೆ ಮಾಡಿಕೊಟ್ಟ. ಅವನ ಹೊಟ್ಟೆ ತಣ್ಣಗಿರಲಿ! ಬೆಳವಣಕಿಯ ಮದುವೆಯೊಂದರಲ್ಲಿ ಎಲ್ಲರೂ ಅಕ್ಕಿಕಾಳು ಹಾಕುತ್ತಿದ್ದಾಗ ಕಾಕಾ, "ಅಯ್ಯಯ್ಯೋ, ಹಳದಿ ಆತಲ್ಲೋ!" ಎಂದು ಚೀರಿದರು. ಬಾಜಾದವರು ಗಾಬರಿಯಾಗಿ ಬಾಜಾ ನಿಲ್ಲಿಸಿದರು. ಮದುಮಗ ತನ್ನ ಧೋತರ ನೋಡಿಕೊಂಡ.

ಈ ನಿಗಾದಲ್ಲಿ ನಾಲ್ಕಾಣೆಯಷ್ಟಾದರೂ ಬಗಲ ಕೋಣೆಯಲ್ಲಿದ್ದ ಅವರ ಹೆಂಡತಿ, ನಮ್ಮ ಕಾಕುವಿನ ಮೇಲಿತ್ತೇ? ಆಕೆ ಸೀರೆ ನೇಯುತ್ತ ನೇಯುತ್ತ ಎದೆ ಹಿಡಿದುಕೊಂಡು ಮಗ್ಗ ನಿಲ್ಲಿಸುವುದು ಹೆಚ್ಚಾಗಿತ್ತು.

"ಕಾಕುನ್ನ ಲಗೂನ ಗದಗಿನ ದವಾಖಾನಿಗೆ ಕರಕೊಂಡ ಹೋಗ್ರಿ," ಎಂದೆ.

"ಎಲ್ಲಾ ಹಸರ ಐತಿ," ಎಂದರು ಕಾಕಾ, ಮೊಬೈಲಿನಿಂದ ತಲೆ ಎತ್ತದೆ.

ಒಳಗಿನಿಂದ ಕಾಕುವಿನ ದಿನನಿತ್ಯದ ಬೈಗುಳ ಕೇಳಿಬಂತು: "ನನ್ನ ಹಣಿಗೂ ಒಂದ್ ದೀಪ ಜೋಡಿಸಂತ ಹೇಳ ಅವರಿಗೆ. ಅವಾಗರ ಈ ಕಡೆ ನೋಡ್ತಾರ!"

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಕಾಕು ಮಗ್ಗದ ಪೂಜೆ ಮುಗಿಸಿ, ಪಾಪ, ಫ್ರೇಮು ಯಾಕೆ ಅನಾಥವಾಗಬೇಕೆಂದು ಅದಕ್ಕೂ ವಿಭೂತಿ ಬಳಿದು, ಪ್ರತಿ ಮಾಡ್ಯೂಲಿಗೂ ಭಕ್ತಿಯಿಂದ ಕುಂಕುಮ ಹಚ್ಚಿದಳು. ಎಲ್ಲಿಗೆ? ಸರಿಯಾಗಿ ದೀಪದ ಮೇಲೆ! ಜಳಕ ಮಾಡಿ ಬಂದ ಕಾಕಾ ನೋಡುತ್ತಾರೆ, ಫ್ರೇಮಿಗೆ ಫ್ರೇಮೇ ಕೆಂಪು! ಮೊಬೈಲಿನಲ್ಲಿ ಮಾತ್ರ ಎಲ್ಲವೂ ಹಸಿರು. "ಮೊಬೈಲ್ ಸುಳ್ಳ ಹೇಳಾಕತ್ತೈತಿ!" ಎಂದು ತೀರ್ಪು ಕೊಟ್ಟು, ಹಬ್ಬದ ದಿನವೇ ಊರ ಕೇಬಲ್ಲನ್ನೆಲ್ಲ ಬಂದ್ ಮಾಡಿ, ಹುಬ್ಬಳ್ಳಿಯಿಂದ ಎಂಜಿನಿಯರನ್ನು ಕರೆಸಿದರು. ಆ ಮಹಾಶಯ ಅಷ್ಟು ದೂರದಿಂದ ಬಂದು ಮಾಡಿದ ರಿಪೇರಿಯೆಂದರೆ, ಕರವಸ್ತ್ರ ತೆಗೆದು ಒರೆಸಿದ್ದು!

"ದೀಪಕ್ಕ ಕುಂಕುಮ ಹಚ್ಚೂದು ತಪ್ಪೇನ್ರಿ?" ಎಂದಳು ಕಾಕು. ಎಲ್ಲರಿಗಿಂತ ಹೆಚ್ಚು ನಕ್ಕವಳೂ ಅವಳೇ. ನಗುನಗುತ್ತಲೇ ಎದೆ ಹಿಡಿದುಕೊಂಡು ಕುಸಿದು ಕೂತಳು.

ಆಮೇಲೆ ನಾವು ಗದಗ ಮುಟ್ಟಿದ್ದು ಹೇಗೋ ಗೊತ್ತಿಲ್ಲ. ಕಾಕಾನ ಮೊಬೈಲು ಫ್ರೇಮಿನ ಮೇಲೆಯೇ ಉಳಿದಿತ್ತು. ಅದು ಅವರಿಗೆ ನೆನಪೂ ಆಗಲಿಲ್ಲ.

ಮರುದಿನ ಮುಂಜಾನೆ ನೋಡಿದರೆ ಕಾಕುವಿನ ತಲೆದಿಂಬಿನ ಬಳಿ ಒಂದು ಯಂತ್ರ, ಅದರ ತುಂಬ ಹಸಿರು ಗೆರೆ, ಹಸಿರು ಅಂಕಿ. ಕಾಕಾನ ಪಾಲಿಗೆ ಸ್ವರ್ಗವೇ ಇಳಿದು ಬಂದಿತ್ತು! ಆದರೆ ಅವರು ಅದಕ್ಕೆ ಬೆನ್ನು ಮಾಡಿ ಕೂತು, ಕಾಕುವಿನ ಕೈ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು.

"ಎಲ್ಲಾ ಹಸರ ಐತ್ರಿ ಯಜಮಾನ್ರ, ಏನ್ ಕಾಳಜಿ ಮಾಡಬ್ಯಾಡ್ರಿ. ಹೋಗಿ ಒಂದೀಟು ಚಾ ಕುಡದ ಬರ್ರಿ," ಎಂದಳು ನರ್ಸು.

ಕಾಕಾ ತಿರುಗಿಯೂ ನೋಡಲಿಲ್ಲ.

"ಇರ್ಲಿ ಬಿಡವಾ," ಎಂದರು. "ಈಕಿ ಇನ್ನೂ ನನಗ ಬೈದಿಲ್ಲ."