ಬೋಳುಗಾಡಿಯ ಒಕ್ಕಣೆ

ಭಾನುವಾರ ಶ್ರೀರಂಗಪಟ್ಟಣದ ಹಳೇ ಕಾರುಗಳ ಮೇಳಕ್ಕೆ ತನ್ನ ಕಾರು ಬಂದು ನಿಂತರೆ ಸಾಕು, ಮಿಕ್ಕವರೆಲ್ಲ ತಮ್ಮ ಕಾರಿಗೆ ಟಾರ್ಪಾಲು ಹೊದಿಸಿಕೊಂಡು ಮನೆಗೆ ಹೋಗಬೇಕು! ಕ್ಯಾತನಹಳ್ಳಿಯ ರಂಗಸ್ವಾಮಿ ಹೀಗೆಂದು ಊರಿಗೆಲ್ಲ ಸಾರಿ ಒಂದು ವಾರವಾಗಿತ್ತು.

ಅದೇನು ಅಂತಿಂಥ ಕಾರಲ್ಲ. ಎರಡನೇ ಮಹಾಯುದ್ಧಕ್ಕೂ ಮುಂಚೆ ಫ್ರಾನ್ಸಿನಲ್ಲಿ ಹುಟ್ಟಿದ್ದು. ಅದರ ಒಡಹುಟ್ಟಿದವು ಇಡೀ ಪ್ರಪಂಚದಲ್ಲಿ ಆರೋ ಏಳೋ ಉಳಿದಿವೆಯಂತೆ. ಬಟ್ಟೆಯ ಚಾವಣಿಯನ್ನು ಹಿಂದಕ್ಕೆ ಮಡಚಿದರೆ ತಲೆಯ ಮೇಲೆ ಬರೀ ಆಕಾಶ. ಯಾವುದೋ ಬಂಗಲೆಯ ಹಿತ್ತಿಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಈ ಗುಜರಿಯನ್ನು, ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ರಂಗಸ್ವಾಮಿ ಮನೆಗೆ ತಂದಿದ್ದ. ಪಾಂಡವಪುರದ ಟಿಂಕರ್ ಮೆಹಬೂಬ್ ಪಾಷಾನ ಜೊತೆ ಸೇರಿ ನಾಲ್ಕು ವರ್ಷ ಬಡಿದು, ತಿಕ್ಕಿ, ಬಣ್ಣ ಹೊಡೆದು, ಮುಖ ನೋಡಿಕೊಂಡು ಮೀಸೆ ತಿದ್ದಬಹುದು ಅನ್ನುವಷ್ಟು ಹೊಳಪು ಬರಿಸಿದ್ದ. ಅದರ ಫ್ರೆಂಚ್ ಹೆಸರು ಊರಿನಲ್ಲಿ ಯಾರ ಬಾಯಿಗೂ ಬರಲಿಲ್ಲ. ಹೆಂಡತಿ ಮಾದಮ್ಮ ಸಿಟ್ಟಿನಲ್ಲಿ ಅದಕ್ಕೆ 'ಬೋಳುಗಾಡಿ' ಎಂದಳು. ಅದೇ ನಿಂತಿತು.

ಮಾದಮ್ಮನ ಸಿಟ್ಟಿಗೆ ಕಾರಣವಿತ್ತು. ನಾಲ್ಕು ವರ್ಷದಿಂದ ಬೋಳುಗಾಡಿ ಠಿಕಾಣಿ ಹೂಡಿದ್ದು ಅವಳ ಕೊಟ್ಟಿಗೆಯಲ್ಲಿ. ಹೇಮಗಿರಿಯ ದನಗಳ ಪರಿಷೆಯಲ್ಲಿ ಅವಳೇ ಹಲ್ಲು ನೋಡಿ ಆರಿಸಿದ ಜೋಡಿ ಎತ್ತುಗಳು ಹೊರಗೆ ಪ್ಲಾಸ್ಟಿಕ್ ಹಾಳೆಯ ಕೆಳಗೆ ನಿಂತಿದ್ದವು.

ಶನಿವಾರ ಅವಳು ಕಡ್ಡಿ ಮುರಿದಂತೆ ಹೇಳಿದಳು. "ನಾಳೆ ನಿನ್ನ ಬೋಳುಗಾಡಿ ಅದರಷ್ಟಕ್ಕದೇ ಪಟ್ಣ ಸೇರುದ್ರೆ ಕೊಟ್ಗೆ ಅದುಕ್ಕೇ ಇರ್ಲಿ. ಸೇರ್ನಿಲ್ಲ ಅಂದ್ರೆ ಸಾಯಂಕಾಲನೇ ನನ್ನೆತ್ತು ಒಳೀಕ್ ಬತ್ತವೆ."

"ಆಯ್ತು ಬುಡಮ್ಮಿ. ಆದ್ರೆ ನಾಳೆ ಮನೆ ಮುಂದ್ಗಡೆ ರೋಡಲ್ಲಿ ನಿನ್ನ ಉರುಳಿ ಆಸ್ಬ್ಯಾಡ. ಗಾಡಿ ಮೇಲೆ ಧೂಳು ಕೂತ್ಕತ್ತದೆ."

"ಮನೆ ಮುಂದೆ ಆಸಾಕಿಲ್ಲ ಬುಡು," ಎಂದಳು ಮಾದಮ್ಮ. ಮತ್ತೆಲ್ಲಿ ಹಾಸುತ್ತೀಯ ಎಂದು ರಂಗಸ್ವಾಮಿ ಕೇಳಲಿಲ್ಲ.

ಕಿತ್ತ ಹುರುಳಿ ಗಿಡವನ್ನು ಡಾಂಬರು ರಸ್ತೆಗೆ ಹಾಸಿಬಿಟ್ಟರೆ ಓಡಾಡುವ ಬಸ್ಸು ಲಾರಿಗಳೇ ತುಳಿದು ಒಕ್ಕಣೆ ಮಾಡಿಕೊಡುತ್ತವೆ. ಈ ವಿಷಯದಲ್ಲಿ ರಂಗಸ್ವಾಮಿಯದು ದೊಡ್ಡ ಹೆಸರು. ಕೆ.ಆರ್. ಪೇಟೆ, ನಾಗಮಂಗಲದ ರೂಟಿನಲ್ಲಿ ಮಿಕ್ಕ ಡ್ರೈವರುಗಳು ಗೊಣಗಿಕೊಂಡು ಪಕ್ಕಕ್ಕೆ ಹೋದರೆ, ಇವನು ಬಸ್ಸನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ಅಂಚಿನ ಗಿಡವನ್ನೂ ಬಿಡದೆ ತುಳಿಸುತ್ತಿದ್ದ. ಹೊಲದ ಹೆಂಗಸರು ಕೈಯೆತ್ತಿ ಹರಸುತ್ತಿದ್ದರು. ಆ ಹರಕೆಯೇ ಅವನಿಗೆ ಮುಳುವಾಯಿತು.

ಭಾನುವಾರ ಬೋಳುಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಪಕ್ಕದಲ್ಲಿ ಇಸ್ತ್ರಿ ಜುಬ್ಬದ ಪಾಷಾ. ಕಬ್ಬಿನ ಟ್ರಾಕ್ಟರುಗಳು ತಾವಾಗಿ ದಾರಿ ಬಿಟ್ಟವು. ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಎದ್ದು ನಿಂತರು. ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ರಂಗಸ್ವಾಮಿಗೆ ಕೂತಲ್ಲೇ ಕುಣಿಯಬೇಕು ಅನ್ನಿಸಿತು. ಇಷ್ಟು ಖುಷಿಯನ್ನು ಅವನು ತನ್ನ ಮದುವೆಯ ದಿನವೂ ಕಂಡಿರಲಿಲ್ಲ.

ನಾಲೆಯ ತಿರುವಿನಲ್ಲಿ, ರಸ್ತೆಯ ಅರ್ಧಕ್ಕೆ ಮೊಣಕಾಲೆತ್ತರ ಹುರುಳಿ ಹಾಸಿತ್ತು. ರಂಗಸ್ವಾಮಿಯ ಕೈ ತಾನಾಗಿ ಸ್ಟೇರಿಂಗನ್ನು ಅತ್ತ ತಿರುಗಿಸಿತು.

"ಅಣ್ಣಾ, ಪಕ್ಕಕ್ಕೆ ತಗೊಳ್ಳಿ. ಇದು ಬಸ್ಸಲ್ಲ. ಕೆಳಗೆ ಗೇಣು ಜಾಗನೂ ಇಲ್ಲ," ಎಂದ ಪಾಷಾ.

"ಸುಮ್ಕಿರು ಪಾಷಾ. ಯಾರೋ ಪಾಪ ಬಡವ್ರು ಆಸವ್ರೆ. ತುಳುದ್ರೆ ಪುಣ್ಯ ಬತ್ತದೆ."

ಒಂದು ಸಲ ತುಳಿಸಿದ. ಪುಣ್ಯ ಸಾಲದು ಎಂದು ರಿವರ್ಸ್ ತೆಗೆದು ಇನ್ನೊಂದು ಸಲ ತುಳಿಸಿದ. ಮೂರನೆಯ ಸಲಕ್ಕೆ ಗಾಡಿಯ ಹೊಟ್ಟೆಯೊಳಗೆ ಗೊರಗೊರ ಸದ್ದಾಗಿ, ಹೊಗೆ ಬಂದು, ತೊಂಬತ್ತು ವರ್ಷದ ಫ್ರೆಂಚ್ ರಾಣಿ ಹುರುಳಿಯ ಮೇಲೆ ಕೂತುಬಿಟ್ಟಳು.

ಪಾಷಾ ಜುಬ್ಬದ ಆಸೆ ಬಿಟ್ಟು ಕೆಳಗೆ ತೂರಿದ. "ಯಾ ಅಲ್ಲಾ! ಬಳ್ಳಿಯೆಲ್ಲ ಜಡೆ ಹೆಣೆದಂಗೆ ಶಾಫ್ಟಿಗೆ ಸುತ್ಕೊಂಡೈತೆ ಅಣ್ಣಾ. ಇನ್ನು ಸ್ಟಾರ್ಟ್ ಮಾಡಿದ್ರೆ ಬೆಂಕಿನೇ. ಮನೆಗೆ ಎಳ್ಕೊಂಡೋಗಿ ಬಿಚ್ಬೇಕು."

ಅಷ್ಟರಲ್ಲಿ ಹೊಂಗೆ ಮರದ ನೆರಳಿನಿಂದ ಒಬ್ಬಳು ನಡೆದು ಬಂದಳು. ಮಾದಮ್ಮ.

"ಯಾರೋ ಪಾಪ ಬಡವ್ರು ಅಂದ್ಯಲ್ಲ, ನಾನೇಯ."

"ಇಲ್ಯಾಕ್ ಆಸ್ದಮ್ಮಿ?"

"ಮನೆ ಮುಂದೆ ಬ್ಯಾಡ ಅಂದೋನ್ಯಾರು?"

ರಂಗಸ್ವಾಮಿ ಗಾಡಿ ಎಳೆಸಲು ಊರಿಗೆಲ್ಲ ಫೋನು ಮಾಡಿದ. ಊರಿನ ಟ್ರಾಕ್ಟರುಗಳೆಲ್ಲ ಕಬ್ಬು ಹೊತ್ತು ಹೋಗಿದ್ದವು. ಹುರುಳಿ ಹೇರಿಕೊಂಡು ಬಂದಿದ್ದ ಮಾದಮ್ಮನ ಜೋಡಿ ಎತ್ತುಗಳು ಮಾತ್ರ ಅಲ್ಲೇ ಮೇಯುತ್ತಿದ್ದವು. ಅವುಗಳಿಗೆ ನೊಗ ಹೂಡಿ, ಹಗ್ಗವನ್ನು ಬೋಳುಗಾಡಿಯ ಮುಂದಿನ ಬಂಪರಿಗೆ ಬಿಗಿದಾಗ ರಂಗಸ್ವಾಮಿಗೆ ಅಳುವೇ ಬಂತು.

"ಬೆಳಗಿಂದ ನಿಂತು ನಿಂತು ನಂಗೆ ಮಂಡಿ ನೋಯ್ತಾವೆ. ನೀನು ಎತ್ತಿನ ಮುಂದ್ಗಡೆ ನಡಿ," ಎಂದು ಮಾದಮ್ಮ ಸೀಟಿನಲ್ಲಿ ಕೂತಳು. ಟ್ರಾಕ್ಟರು ಓಡಿಸುವವಳಿಗೆ ಸ್ಟೇರಿಂಗ್ ಹೊಸದೇನಲ್ಲ. ಪಾಷಾ ಹಿಂದಿನಿಂದ ತಳ್ಳಿದ. ಮೆರವಣಿಗೆ ಊರ ಕಡೆ ಹೊರಟಾಗ ಮಧ್ಯಾಹ್ನವಾಗಿತ್ತು.

ಆಗಲೇ ಹಿಂದಿನಿಂದ ಸಾಲಾಗಿ ಹಾರನ್ನುಗಳ ಸದ್ದು ಕೇಳಿಸಿತು. ಪಟ್ಟಣದ ಮೇಳ ಮುಗಿಸಿ ತೊಣ್ಣೂರು ಕೆರೆಗೆ ಹೊರಟ ಹಳೇ ಕಾರುಗಳು. ಮೊದಲನೆಯದರಿಂದ ಟೋಪಿ ಹಾಕಿದ ಮೇಳದ ಮುಖ್ಯಸ್ಥರು ಧುಮುಕಿ, ಓಡಿ ಬಂದು, ಬೋಳುಗಾಡಿಯ ಸುತ್ತ ಒಂದು ಪ್ರದಕ್ಷಿಣೆಯನ್ನೇ ಹಾಕಿದರು.

"ಅಮ್ಮಾ, ಈ ಕಾರನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಎಷ್ಟು ಚೆನ್ನಾಗಿ ಕಾಪಾಡಿದ್ದೀರಿ!" ಎಂದು ಮಾದಮ್ಮನಿಗೆ ಕೈ ಮುಗಿದರು. ಹಿಂದಿನವರು ಚಪ್ಪಾಳೆ ತಟ್ಟಿದರು. ಹತ್ತಾರು ಮೊಬೈಲುಗಳು ಮೇಲೆದ್ದವು.

ನಾಲ್ಕು ವರ್ಷ ಕಾದ ಗಳಿಗೆ ಕೊನೆಗೂ ಬಂದಿತ್ತು. ರಂಗಸ್ವಾಮಿ ಕೂದಲಿಗೆ ಅಂಟಿದ ಹುರುಳಿ ಹೊಟ್ಟು ಕೊಡವಿ, ಎದೆ ಸೆಟೆಸಿ, ಎತ್ತುಗಳ ಮುಂದೆ ಬಂದು ನಿಂತ.

"ಯಜಮಾನ್ರೇ, ಒಂಚೂರು ಪಕ್ಕಕ್ಕೆ ಬನ್ನಿ," ಎಂದರು ಟೋಪಿಯವರು. "ಫೋಟೋಗೆ ಅಡ್ಡ ಬರ್ತಿದೀರಿ. ಎತ್ತು ಇರಲಿ."

ರಂಗಸ್ವಾಮಿ ಪಕ್ಕಕ್ಕೆ ಸರಿದು ಹೆಂಡತಿಯ ಮುಖ ನೋಡಿದ. ಅವನ ಕಣ್ಣು ತುಂಬಿದ್ದನ್ನು ಮಾದಮ್ಮ ಕಂಡಳು. ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅವ್ರನ್ನೂ ಸೇರ್ಸ್ಕಳಿ ಸಾಮಿ. ಗಾಡಿ ಅವ್ರದೇಯ. ಕೊಟ್ಗೆ ಮಾತ್ರ ನಂದು."