ದೊಡ್ಡಪ್ಪ ಹೋದ ತಾರೀಖು

ಕನ್ನಡ ಮೇಷ್ಟ್ರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ನಂಜನಗೂಡಿನ ನಮ್ಮ ಬೀದಿಯ ಜನ ನಂಬಿದ್ದ ಕಾಲವೊಂದಿತ್ತು. ಮಗುವಿಗೆ ಹೆಸರು ಹುಡುಕಬೇಕೆ, ಲಗ್ನಪತ್ರಿಕೆಯ ಒಕ್ಕಣೆ ತಿದ್ದಬೇಕೆ, ವರ್ಗವಾಗಿ ಹೋಗುವ ಪೋಸ್ಟ್ ಮಾಸ್ಟರಿಗೆ ಬಿನ್ನವತ್ತಳೆ ಬರೆಯಬೇಕೆ, ನೇರ ನಮ್ಮ ಜಗಲಿಗೆ ಬರುತ್ತಿದ್ದರು. ಒಬ್ಬರಂತೂ ಹಸುವಿಗೆ ಹೊಟ್ಟೆ ಉಬ್ಬರಿಸಿದೆ ಎಂದು ಬಂದಿದ್ದರು. ಅದಕ್ಕೂ ನಾನು ಏನೋ ಒಂದು ಹೇಳಿ ಕಳಿಸಿದೆ. ಹಸು ಬದುಕಿಕೊಂಡಿತು, ಅವರು ನಾನು ಹೇಳಿದ್ದನ್ನು ಮಾಡಲು ಮರೆತಿದ್ದರಂತೆ. ಜನ ನನ್ನನ್ನು ನಂಬಿದ್ದರಲ್ಲಿ ತಪ್ಪೇನಿಲ್ಲ. ಅವರ ಮಾತು ಕೇಳಿ ಕೇಳಿ ನಾನೂ ನಂಬಿಬಿಟ್ಟೆನಲ್ಲ, ತಪ್ಪಾದದ್ದು ಅಲ್ಲಿ.

ನಮ್ಮ ಮನೆಯ ಹಿಂಭಾಗದ ಕೋಣೆಯಲ್ಲಿ ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡಮ್ಮ, ತನ್ನದೇ ಒಲೆ ಹೂಡಿಕೊಂಡು ಇದ್ದಳು. ಇಪ್ಪತ್ತೆರಡು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಗಂಡನ ಊರು ಹೆಮ್ಮಿಗೆಯಿಂದ ತಂಗಿಯ ಮನೆಗೆ ಬಂದವಳು. ಹಪ್ಪಳ ಒತ್ತಿ, ಹುರಿಹಿಟ್ಟು ಬೀಸಿ, ಮದುವೆ ಮನೆಗಳಲ್ಲಿ ಚಕ್ಕುಲಿ ಸುತ್ತಿ ನನ್ನನ್ನು ಓದಿಸಿದವಳೂ ಅವಳೇ. ನಾನು ಪಂಡಿತ ಪರೀಕ್ಷೆ ಪಾಸು ಮಾಡಿದ್ದು ನನ್ನ ಬುದ್ಧಿಯಿಂದಲೋ ಅವಳ ಹಪ್ಪಳದಿಂದಲೋ ಎಂಬ ಪ್ರಶ್ನೆಗೆ ನನ್ನ ಹೆಂಡತಿಯ ಬಳಿ ಖಚಿತವಾದ ಉತ್ತರವಿದೆ. ಇಂಥ ದೊಡ್ಡಮ್ಮ ಎಂಬತ್ತರ ದಶಕದಲ್ಲಿ ಒಂದು ಬೆಳಿಗ್ಗೆ ನನ್ನ ಮುಂದೆ ಬಂದು ನಿಂತು, “ಲೋ, ಸರ್ಕಾರದೋರು ಗಂಡ ಇಲ್ದೋರಿಗೆ ತಿಂಗಳು ತಿಂಗಳು ಮನಿಯಾರ್ಡರ್ ಕಳಿಸ್ತಾರಂತೆ. ನಂಗೂ ಒಂದು ಬರೋ ಹಾಗೆ ಮಾಡೋ” ಎಂದಳು.

“ನಿನಗೇನು ಕಡಿಮೆಯಾಗಿದೆ ದೊಡ್ಡಮ್ಮ?”

“ಕಡಿಮೆ ಆಗಿದೆ ಅಂದ್ನಾ? ಪೋಸ್ಟಿನವನು ಈ ಬಾಗಿಲಲ್ಲಿ ಎಲ್ಲಾರ ಹೆಸರೂ ಕೂಗ್ತಾನೆ. ನಂದು ಒಂದು ದಿನಾನಾದ್ರೂ ಕೂಗಿದಾನಾ?”

ಅಂದೇ ಸಂಜೆ ವಿಧವಾ ವೇತನಕ್ಕೆ ಅರ್ಜಿ ಬರೆದೆ. ಎರಡು ಪುಟದ ಆ ಅರ್ಜಿಯಲ್ಲಿ “ವೈಧವ್ಯದ ಬೇಗೆಯಲ್ಲಿ ಬೆಂದ” ಎಂಬ ಮಾತು ಎರಡು ಕಡೆ ಬಂದಿತ್ತು. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರು ಅದನ್ನು ಅತ್ತ ಇತ್ತ ತಿರುಗಿಸಿ, “ಅದೆಲ್ಲ ಸರಿ ಮೇಷ್ಟ್ರೇ, ಯಜಮಾನರು ತೀರಿಕೊಂಡ ಸರ್ಟಿಫಿಕೇಟ್ ಎಲ್ಲಿ?” ಎಂದರು. ದೊಡ್ಡಪ್ಪ ತೀರಿಕೊಂಡದ್ದು ಹೆಮ್ಮಿಗೆಯಲ್ಲಿ. ಹೆಮ್ಮಿಗೆಯ ಹಳೆಯ ಜನನ ಮರಣದ ಪುಸ್ತಕಗಳು ಇದ್ದದ್ದು ಟಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ.

ದೊಡ್ಡಮ್ಮನಿಗೆ ಇದು ಅರ್ಥವೇ ಆಗಲಿಲ್ಲ. “ಮೂವತ್ತು ವರ್ಷದಿಂದ ಬರೀ ಹಣೇಲಿ ಓಡಾಡ್ತಿದೀನಿ, ಇದಕ್ಕಿಂತ ಸರ್ಟಿಫಿಕೇಟ್ ಬೇಕೇನೋ?” ಎಂದಳು. ಕಾನೂನು ಹಾಗಿದೆ ಎಂದು ಸಮಾಧಾನ ಹೇಳಿ, ದೊಡ್ಡಪ್ಪ ಹೋದ ದಿನ ಯಾವುದೆಂದು ಕೇಳಿದೆ. ಅವಳು ತಡವರಿಸದೆ, “ವಿಜಯ ಸಂವತ್ಸರ, ಮಾರ್ಗಶಿರ ಬಹುಳ ತ್ರಯೋದಶಿ. ಆಮೇಲೆ ಸಂಕ್ರಾಂತಿ ಹೊತ್ತಿಗೆ...” ಎಂದು ಏನೋ ಹೇಳಹೊರಟಳು. ನಾನು ಕೈಯೆತ್ತಿ ತಡೆದೆ. ತಿಥಿಯಿಂದ ತಾರೀಖು ತೆಗೆಯುವುದು ಪಂಡಿತನಾದವನಿಗೆ ಯಾವ ಮಹಾ ವಿದ್ಯೆ? ಸಂವತ್ಸರದಿಂದ ಇಸವಿ ಲೆಕ್ಕ ಹಾಕಿದೆ, ಮಾರ್ಗಶಿರವೆಂದರೆ ಡಿಸೆಂಬರು, ಮುಗಿಯಿತು. ಹಳೆಯ ಪಂಚಾಂಗ ಹುಡುಕುವ ಗೋಜಿಗೇ ಹೋಗಲಿಲ್ಲ. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ ಸ್ವರ್ಗಸ್ಥರಾದರೆಂದು ದುಂಡಗೆ ಬರೆದು, ಕೋರ್ಟ್ ಫೀ ಸ್ಟಾಂಪು ಅಂಟಿಸಿ, ಶಾಲೆಗೆ ರಜೆ ಹಾಕಿ, ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ ಕೊಟ್ಟು ಬಂದೆ.

ಹದಿನೈದು ದಿನಕ್ಕೆ ಅಂಚೆಯಲ್ಲಿ ಉತ್ತರ ಬಂತು. ಸದರಿ ಅವಧಿಯ ಪುಸ್ತಕವನ್ನು ಪರಿಶೀಲಿಸಲಾಗಿ, ಸದರಿ ವ್ಯಕ್ತಿಯ ಮರಣ ದಾಖಲಾಗಿರುವುದು ಕಂಡುಬಂದಿಲ್ಲ. ಕೆಳಗೆ ಸೀಲು, ರುಜು. ಅದನ್ನೇ ನಂಜನಗೂಡಿನ ಗುಮಾಸ್ತರಿಗೆ ತೋರಿಸಿದೆ.

“ಮೇಷ್ಟ್ರೇ, ಈ ಕಾಗದದ ಪ್ರಕಾರ ಅವರು ಸತ್ತಿಲ್ಲವಲ್ಲ!”

“ಬದುಕಿದ್ದಾರೆ ಅಂತಲೂ ಬರೆದಿಲ್ಲವಲ್ಲ ಸ್ವಾಮಿ.”

“ಅದಕ್ಕೆ ಬೇರೆ ಸರ್ಟಿಫಿಕೇಟ್ ಬೇಕಾಗುತ್ತೆ” ಎಂದರು ಅವರು, ನಗದೆ.

ಮನೆಗೆ ಬಂದು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ಹಪ್ಪಳದ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. “ಹೋಗಿದ್ದು ಕಾಣಿಸ್ಲಿಲ್ಲ ಅಂತ ಬರ್ದಿದಾರಾ?” ಎಂದಳು. ಹೌದೆಂದೆ. “ಹೋಗಿಲ್ದೆ ಇದ್ದಿದ್ರೆ ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಬಂದು ನೋಡ್ತಿರ್ಲಿಲ್ವೇನೋ?” ಎಂದು ಮತ್ತೆ ನಾದತೊಡಗಿದಳು. ನನ್ನ ಪಾಂಡಿತ್ಯಕ್ಕೆ ಮೊದಲ ಬಾರಿ ನಾಚಿಕೆಯಾದದ್ದು ಆಗ. ಮರುದಿನ ಅವಳು ಮಡಿ ಬಿಟ್ಟು ಬೇರೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. “ನಡಿ, ನಾನೇ ಬರ್ತೀನಿ. ಯಜಮಾನರು ನನ್ನೋರು. ನೀನು ಹೋಗಿ ಕೇಳಿದ್ರೆ ಹೆಂಗೆ ಸಿಗ್ತಾರೆ?”

ನರಸೀಪುರದ ಕಚೇರಿಯ ಹಿಂಬದಿಯಲ್ಲಿ ರೆಕಾರ್ಡ್ ರೂಮು. ಸೂರಿನವರೆಗೆ ಕಬ್ಬಿಣದ ಬೀರುಗಳು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ನುಸಿಗುಳಿಗೆಯ ವಾಸನೆ. ಅದರ ಬಾಗಿಲಲ್ಲೇ ಮೇಜು ಹಾಕಿಕೊಂಡಿದ್ದವರು ದಾಖಲೆಗಳನ್ನು ನೋಡಿಕೊಳ್ಳುವ ಸಿದ್ದಯ್ಯನವರು. ಐವತ್ತು ದಾಟಿದ ಸಣಕಲು ಮೈ, ಒಂದು ಕಡೆ ದಾರ ಕಟ್ಟಿದ ಕನ್ನಡಕ. ನಾನು ಗಂಟಲು ಸರಿಪಡಿಸಿಕೊಂಡು, ಹಿಂದಿನ ಉತ್ತರವನ್ನು ಮರುಪರಿಶೀಲಿಸಬೇಕೆಂದು ಒಂದು ಪೀಠಿಕೆ ಶುರು ಮಾಡಿದೆ. ಅವರು ಶಾಂತವಾಗಿ ಕೇಳಿ, “ಆ ಬುಕ್ಕ ನಾನೇ ನೋಡಿದ್ದು ಸಾ. ಡಿಸೆಂಬರ್ರೂ ನೋಡ್ದೆ, ಇರ್ಲಿ ಅಂತ ನವೆಂಬರ್ರೂ ನೋಡ್ದೆ. ಎಮ್ಮಿಗೆಯೋರು ನಾಕೇ ಜನ, ನಿಮ್ಮೋರು ಇಲ್ಲ” ಎಂದರು. ಆಮೇಲೆ ನನ್ನನ್ನು ಬಿಟ್ಟು ದೊಡ್ಡಮ್ಮನ ಕಡೆ ತಿರುಗಿ, ತಮ್ಮ ಸ್ಟೂಲನ್ನು ಅವಳತ್ತ ತಳ್ಳಿದರು. “ಕುಂತ್ಕಳಿ ಅಮ್ಮಾವ್ರೆ. ತಾರೀಕು ಬುಡಿ, ಅದು ನಮ್ಗೆ ಇರ್ಲಿ. ಅವರು ಓದಾಗ ಊರಲ್ಲಿ ಏನ್ ನಡೀತಿತ್ತು? ಅದು ಗ್ಯಾಪಕ ಅದಾ?”

ದೊಡ್ಡಮ್ಮ ನಿಧಾನವಾಗಿ ಹೇಳಿದಳು. “ಮಾರ್ಗಶಿರ ಬಹುಳ. ಕಣದಲ್ಲಿ ರಾಗಿ ಒಕ್ಕಣೆ ನಡೀತಿತ್ತಪ್ಪ. ಐದು ದಿನ ಜ್ವರ. ಹನ್ನೆರಡನೇ ದಿನದ ಕರ್ಮ ಸಂಕ್ರಾಂತಿ ದಿವಸವೇ ಬಂತು. ಊರ ಹೆಣ್ಣುಮಕ್ಕಳೆಲ್ಲ ಎಳ್ಳು ಬೀರೋಕೆ ಓಡಾಡ್ತಿದ್ರು, ನಮ್ಮನೆ ಮುಂದೆ ಬಂದಾಗ ಮಾತ್ರ ಮೆಲ್ಲಗೆ ನಡೆದು ಹೋಗೋರು. ಆ ಹೆಜ್ಜೆ ಸಪ್ಪಳ ಈಗ್ಲೂ ಕೇಳ್ಸುತ್ತೆ.”

ಸಿದ್ದಯ್ಯನವರು ಬೆರಳು ಮಡಚಿದರು. “ಸಂಕ್ರಾಂತಿ ಅಂದ್ರೆ ಜನವರಿ ಅದಿನಾಕು. ಅಲ್ಲಿಂದ ಇಂದಕ್ಕೆ ಅನ್ನೆರಡು ದಿನ ಎಣುಸ್ದ್ರೆ ಜನವರಿ ಮೂರು. ಮೇಷ್ಟ್ರೇ, ತಾವು ಬರ್ದಿದ್ದು ಅದರ ಇಂದಿನ್ ವರ್ಸದ ಡಿಸೆಂಬರ್ರು. ಮಾರ್ಗಶಿರ ಆ ಸಲ ಜನವರಿಗೂ ಎಳ್ದದೆ ಕಣ್ರೀ.”

ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ದೊಡ್ಡಮ್ಮ ನನ್ನತ್ತ ನೋಡಿ, “ಅವತ್ತೇ ಹೇಳಕ್ಕೆ ಬಂದೆ, ನೀನು ಕೈ ಎತ್ತಿಬಿಟ್ಟೆ” ಎಂದಳು, ಬೈಗುಳವಿಲ್ಲದ ದನಿಯಲ್ಲಿ. ಬೈದಿದ್ದರೇ ಚೆನ್ನಾಗಿತ್ತು.

ಊಟದ ಹೊತ್ತಾಗಿತ್ತು. ಸಿದ್ದಯ್ಯನವರು ಬುತ್ತಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಏಣಿ ಹತ್ತಿ, ಗಂಟೊಂದನ್ನು ಎದೆಗವಚಿಕೊಂಡು ಇಳಿದರು. ಒಳಕ್ಕೆ ಹೊರಗಿನವರನ್ನು ಬಿಡಬಾರದು. ಆದರೂ ನಮ್ಮಿಬ್ಬರನ್ನೂ ಒಳಗೆ ಕರೆದು ಪುಸ್ತಕ ತೆರೆದರು. ಅಂಚು ಹುಳು ತಿಂದ ಹಾಳೆಯಲ್ಲಿ ಪಟೇಲರ ಕಾಲದ ಕಂದು ಮಸಿ. ಬೆರಳಿಟ್ಟು ಓದಿದರು: “ಎಮ್ಮಿಗೆ. ವೆಂಕಟಸುಬ್ಬಯ್ಯ. ಗಂಡು. ಜ್ವರ. ವಯಸ್ಸು ಇಪ್ಪತ್ತೊಂಬತ್ತು.”

“ಎಷ್ಟು ಅಂದ್ರಿ?”

“ಇಪ್ಪತ್ತೊಂಬತ್ತು ಅಮ್ಮಾವ್ರೆ.”

ದೊಡ್ಡಮ್ಮ ಓದು ಬಾರದವಳು. ಆದರೂ ಬಗ್ಗಿ ಆ ಸಾಲನ್ನೇ ನೋಡಿದಳು. “ಅಷ್ಟೇನಾ? ನಂಗೆ ಯಾವಾಗ್ಲೂ ಅವರು ದೊಡ್ಡೋರು ಅಂತ್ಲೇ ಅನ್ನಿಸ್ತಿತ್ತು” ಎಂದು ನನ್ನ ತೋಳು ಹಿಡಿದುಕೊಂಡಳು. “ನಿನಗಿಂತ ಚಿಕ್ಕ ಹುಡುಗ ಕಣೋ.” ನನಗಾಗ ಮೂವತ್ತನಾಲ್ಕಾಗಿತ್ತು. ಸಿದ್ದಯ್ಯನವರು ಅತ್ತ ತಿರುಗಿ ಗಂಟಿನ ದಾರವನ್ನು ಬಿಗಿಯತೊಡಗಿದರು. ಆಗಲೇ ಬಿಗಿಯಾಗಿದ್ದ ದಾರವನ್ನು ಅವರು ಬಹಳ ಹೊತ್ತು ಬಿಗಿದರು.

ಅಂದು ಸಂಜೆಯೊಳಗೆ ನಕಲು ಬರೆದು, ಸಾಹೇಬರ ರುಜು ಹಾಕಿಸಿ ಕೈಗೆ ಕೊಟ್ಟರು. ಕಾಫಿಗೆ ಕರೆದರೆ ಬರಲಿಲ್ಲ. ದೊಡ್ಡಮ್ಮ ಸೆರಗಿನ ಗಂಟಿನಿಂದ ತೆಗೆದುಕೊಟ್ಟ ನಾಲ್ಕು ಕೋಡುಬಳೆಯನ್ನು ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಂಡರು. ಎರಡು ತಿಂಗಳಿಗೆ ಪೋಸ್ಟಿನವನು ನಮ್ಮ ಬಾಗಿಲಲ್ಲಿ ದೊಡ್ಡಮ್ಮನ ಹೆಸರು ಕೂಗಿದ. ಒಳಗೇ ಇದ್ದರೂ ಅವಳು ಓಗೊಡಲಿಲ್ಲ. ಅವನು ಇನ್ನೊಂದು ಸಲ ಕೂಗಲಿ ಎಂದು ಕಾದಳು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತನಾಗುತ್ತಿದ್ದೆ. ಆದರೆ ನನ್ನ ಹೃದಯ ತುಂಬಿ ಬಂದಿತ್ತು, ಹೃದಯ ತುಂಬಿದ ಕನ್ನಡ ಮೇಷ್ಟ್ರು ಸುಮ್ಮನಿರಲಾರ. ಸಿದ್ದಯ್ಯನವರನ್ನು ಹೊಗಳಿ ಅವರ ಮೇಲಧಿಕಾರಿಗಳಿಗೆ ಮೂರು ಪುಟದ ಪತ್ರ ಬರೆದೆ. ಊಟ ಬಿಟ್ಟು ದುಡಿದದ್ದು, ನಮ್ಮನ್ನು ಒಳಗೆ ಕರೆದದ್ದು, ಪುಸ್ತಕವನ್ನೇ ಬಿಚ್ಚಿ ತೋರಿಸಿದ್ದು, ಒಂದೂ ಬಿಡದೆ ವರ್ಣಿಸಿದೆ. ತಿಂಗಳು ಕಳೆದು ನಮ್ಮ ಪಕ್ಕದ ಮನೆಯವರು ನರಸೀಪುರದಿಂದ ಸುದ್ದಿ ತಂದರು: ಸಾರ್ವಜನಿಕರನ್ನು ದಾಖಲೆ ಕೋಣೆಗೆ ಬಿಟ್ಟದ್ದೇಕೆ ಎಂದು ಸಿದ್ದಯ್ಯನವರಿಗೆ ಮೆಮೊ ಕೊಟ್ಟಿದ್ದಾರೆ. ಆಧಾರ, ನನ್ನ ಪತ್ರ.

ನಾನು ಅಂದೇ ಬಸ್ಸು ಹತ್ತಿದೆ. ಮೇಲಧಿಕಾರಿಗಳ ಮುಂದೆ ನಿಂತು, ಆ ಪತ್ರದಲ್ಲಿ ಅರ್ಧ ಅಲಂಕಾರ, ಇನ್ನರ್ಧ ಅತಿಶಯೋಕ್ತಿ ಎಂದು ಬಾಯಿಬಿಟ್ಟು ಒಪ್ಪಿಕೊಂಡೆ. ಅವರು ಸಜ್ಜನರು, ನಕ್ಕು ಮೆಮೊ ಅಲ್ಲಿಗೇ ಬಿಟ್ಟರು. ಹೊರಗೆ ಬಂದು ಸಿದ್ದಯ್ಯನವರ ಮುಂದೆ ಕೈಮುಗಿದು ನಿಂತೆ. ಅವರು ದಾರ ಕಟ್ಟಿದ ಕನ್ನಡಕವನ್ನು ಮೇಲೇರಿಸಿ ನನ್ನನ್ನು ಕನಿಕರದಿಂದ ನೋಡಿದರು.

“ಓಗ್ಲಿ ಬುಡಿ ಸಾ. ಮುಂದ್ಕೆ ಯಾರಾದ್ರೂ ಉಪ್ಕಾರ ಮಾಡುದ್ರೆ ಬೈದು ಬರೀರಿ. ಬೈದು ಬರ್ದಿದ್ನ ಇಲ್ಲಿ ಯಾರೂ ಓದಾಕಿಲ್ಲ.”

ಅಂದಿನಿಂದ ಯಾರ ಉಪಕಾರವನ್ನೂ ನಾನು ಕಾಗದಕ್ಕೆ ಇಳಿಸಿಲ್ಲ. ಕೈಮುಗಿದು ಬಾಯಲ್ಲಿ ಹೇಳಿ ಬಂದುಬಿಡುತ್ತೇನೆ. ಇದೊಂದನ್ನು ಈಗ ಬರೆದಿರುವುದೂ ಸಿದ್ದಯ್ಯನವರಿಗೆ ನಿವೃತ್ತಿಯಾಗಿದೆ, ಪಿಂಚಣಿ ಸರಿಯಾಗಿ ಬರುತ್ತಿದೆ ಎಂದು ಎರಡು ಸಲ ವಿಚಾರಿಸಿಕೊಂಡ ಮೇಲೆಯೇ.