ಮಡಿವಾಳೆಪ್ಪನ ಪಿಸ್ತೂಲು ಪಳಗಿದ ಕತೆ

"ನೋಡ್ತಿರು, ನಾಳಿಂದ ನಮ್ಮ ಕಟ್ಟಿ ಮ್ಯಾಲ ಕೂಡಾಕ ಜಾಗಾ ಸಾಲೂದಿಲ್ಲ!" ಎಂದು ಶಲವಡಿಯ ಮಡಿವಾಳೆಪ್ಪ ಹೆಂಡತಿಯ ಮುಂದೆ ಸಾರಿದಾಗ ಅವನ ಕೈಯಲ್ಲಿ ಹೊಚ್ಚಹೊಸ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿತ್ತು. ಅದೂ ಲೈಸೆನ್ಸು ಸಮೇತ!

ಒಬ್ಬನೇ ಕೂತು ಕುಡಿದರೆ ಅವನಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಟ್ಟೆ ತುಂಬ ಮಂದಿ ಬೇಕು, ಹರಟೆ ಬೇಕು. ಈಚೆಗೆ ಊರಿನವರೆಲ್ಲ ಮೊಬೈಲು ಹಿಡಿದು ಮನೆಯಲ್ಲೇ ಉಳಿಯತೊಡಗಿ, ತಪ್ಪದೆ ಬರುವವನೆಂದರೆ ಗೆಳೆಯ ಶರೀಫಸಾಬ ಒಬ್ಬನೇ ಆಗಿದ್ದ. ಮಂದಿಯನ್ನು ಸೆಳೆಯಲು ಮನೆಗೆ ಏನಾದರೂ ತರಬೇಕಿತ್ತು. ಟ್ರ್ಯಾಕ್ಟರು ಎಲ್ಲರ ಮನೆಯಲ್ಲೂ ಇದೆ, ಅದನ್ನು ನೋಡಲು ಯಾರು ಬರುತ್ತಾರೆ? ಪಿಸ್ತೂಲಾದರೆ ಇಡೀ ಓಣಿಗೆ ಒಂದೇ! ಹೊಲದ ಕಾವಲಿಗೆ ಬೇಕು ಎಂದು ಸರಕಾರಕ್ಕೆ ಹೇಳಿದ್ದ. ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಮಂದಿ.

ಮಂದಿ ಬಂದರು, ನೋಡಿದರು, ಹೋದರು. ಮತ್ತೆ ಬರಲಿಲ್ಲ.

"ಹೊಸಾದೈತ್ರಿ, ಬಿರುಸು ಇರತೈತಿ. ಗುಂಡು ಹಾಕದ ಖಾಲಿನ, ಮ್ಯಾಲಿನ ಸ್ಲೈಡ್ ದಿನಾ ಹಿಂದಕ ಎಳದು ಬಿಡ್ರಿ, ಪಳಗತೈತಿ" ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಎಂತೆಂಥ ಹೋರಿಗಳನ್ನು ನೊಗಕ್ಕೆ ಹಚ್ಚಿದ ಕೈಗೆ ಈ ಗೇಣುದ್ದದ ಕಬ್ಬಿಣ ಯಾವ ಲೆಕ್ಕ! ಮಡಿವಾಳೆಪ್ಪ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಪಳಗಿಸತೊಡಗಿದ. ಖರ್‍ರ್... ಖಟ್! ಖರ್‍ರ್... ಖಟ್! ಎದುರಿಗೆ ಚಹಾದ ಕಪ್ಪು ಹಿಡಿದ ಶರೀಫಸಾಬ. ಪಿಸ್ತೂಲಿನ ಮೂತಿ ನೇರ ಅವನ ಹೊಟ್ಟೆಗೆ.

"ಮಡಿವಾಳಾ, ಅದನ್ನ ಆಕಡೆ ತಿರುಗಿಸೋ!"

"ಖಾಲಿ ಐತೋ ಮಾರಾಯಾ!"

"ಖಾಲಿ ಐತಿ ಅಂತ ನಿನಗ ಗೊತ್ತೈತಿ. ಅದಕ್ಕ ಗೊತ್ತೈತೇನು?"

ಅರ್ಧ ಚಹಾ ಬಿಟ್ಟು ಎದ್ದ ಶರೀಫಸಾಬ ಮಾರನೆಯ ದಿನದಿಂದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯತೊಡಗಿದ.

ಹೆಂಡತಿ ಮಹಾನಂದಾ ಅಷ್ಟು ಬೇಗ ಎದ್ದು ಹೋಗುವವಳಲ್ಲ. ಪಿಸ್ತೂಲಿನ ಎಣ್ಣೆಯ ವಾಸನೆ ತಡೆದುಕೊಂಡಳು, ಖಟಖಟ ತಡೆದುಕೊಂಡಳು. ಆದರೆ ಒಂದು ದಿನ ಅದು ಇಬ್ಬರ ದಿಂಬಿನ ನಡುವೆ ಮಲಗಿತ್ತು!

"ಈ ಸವತಿ ಜೋಡಿ ನಾ ಬಾಳ್ವೆ ಮಾಡೂದಿಲ್ರಿ. ಇದು ಮನ್ಯಾಗ ಇರೂ ತನಕ ನನ್ನ ಕರಿಬ್ಯಾಡ್ರಿ."

"ಹೋಗು, ಹೋಗು! ನನಗೇನು ರೊಟ್ಟಿ ಬಡಿಯಾಕ ಬರೂದಿಲ್ಲಂತ ಮಾಡೀಯೇನು?"

ಅವಳು ಬಮ್ಮಿಗಟ್ಟಿಯ ಅಣ್ಣನ ಮನೆಗೆ ಹೋದಳು. ಮಡಿವಾಳೆಪ್ಪ ರೊಟ್ಟಿ ಬಡಿದ. ಅದು ಹಂಚಿನ ಮೇಲೆ ಕರಕಲಾಯಿತು. ಸಿಟ್ಟಿನಲ್ಲಿ ಹಿಟ್ಟಿನ ಡಬ್ಬಿಯ ಮುಚ್ಚಳವನ್ನೂ ಹಾಕದೆ ಎದ್ದು ಬ್ರೆಡ್ಡು ತಿಂದ. ಆಮೇಲೆ ದಿನವೂ ಬ್ರೆಡ್ಡೇ. ರೂಢಿಯಂತೆ ಎರಡು ಕಪ್ಪಿಗೆ ಚಹಾ ಸುರಿದು, ಎದುರಿನ ಕುರ್ಚಿಯ ಮೇಲಿದ್ದ ಪಿಸ್ತೂಲನ್ನು ನೋಡಿ, "ಏನವಾ, ನೀ ಕುಡೀತೀಯೇನು?" ಎಂದು ಕೇಳಿದ. ಮನೆ ಬಿಕೋ ಎನ್ನುತ್ತಿತ್ತು.

ಹೊತ್ತು ಹೋಗಬೇಕಲ್ಲ! ಸ್ವಚ್ಛ ಮಾಡೋಣವೆಂದು ಅಡುಗೆಮನೆಯಲ್ಲಿ ಕೂತು, ಹೆಂಡತಿ ಹಿಟ್ಟು ನಾದುವ ಪರಾತದಲ್ಲಿ ಪಿಸ್ತೂಲು ಬಿಚ್ಚಿಟ್ಟ. ಒಂದು ತುಂಡು ಬಂತು, ಇನ್ನೊಂದು ಬಂತು. ಎಂಥ ಕೈಚಳಕ ಎಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳುವಷ್ಟರಲ್ಲಿ, ಟಣ್! ಒಳಗಿನ ಸ್ಪ್ರಿಂಗು ಅವನ ಮೂಗಿನ ಪಕ್ಕದಿಂದ ಹಾರಿ ಛಾವಣಿಗೆ ಬಡಿದು ಮಾಯವಾಯಿತು.

ನೆಲದ ಮೇಲೆ ತೆವಳುತ್ತ ಹುಡುಕಿದ. ಕಪಾಟಿನ ಕೆಳಗೆ ಕೈಹಾಕಿದರೆ ಸ್ಪ್ರಿಂಗು ಸಿಗಲಿಲ್ಲ, ಹೋದ ದೀಪಾವಳಿಯಲ್ಲಿ ಕಳೆದುಹೋಯಿತೆಂದು ಮಹಾನಂದಾ ಅತ್ತುಕೊಂಡಿದ್ದ ಕಿವಿಯೋಲೆ ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟ. ಇಂಥ ಫಜೀತಿಗೆ ನಗುವುದಕ್ಕಾದರೂ ಒಬ್ಬರು ಮನೆಯಲ್ಲಿ ಇರಬೇಕಿತ್ತು ಎನಿಸಿ ಅವನ ಕಣ್ಣು ತುಂಬಿ ಬಂತು. ಹೆಂಡತಿಗೆ ಫೋನು ಹಚ್ಚಿದ.

"ಸ್ಪ್ರಿಂಗ್ ಹಾರೇತಿ. ಎಲ್ಲಿ ಬಿದ್ದಿರಬೇಕು?"

"ಬಮ್ಮಿಗಟ್ಟ್ಯಾಗ ಕುಂತು ಶಲವಡ್ಯಾಗ ಹೆಂಗ ಹುಡುಕ್ಲಿ ನಾನು?" ಆಮೇಲೆ ದನಿ ಸ್ವಲ್ಪ ತಗ್ಗಿತು. "ಊಟ ಆತೇನ್ರಿ?"

"ಆತು. ಅಗದಿ ಬಿಸಿ ರೊಟ್ಟಿ" ಎಂದು ಸುಳ್ಳು ಹೇಳಿದ. ಓಲೆ ಸಿಕ್ಕಿದ್ದನ್ನು ಹೇಳದೆಯೇ ಫೋನು ಇಟ್ಟ.

ಅಷ್ಟರಲ್ಲಿ ಚುನಾವಣೆ ಬಂತು. ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಹುಕುಂ ಆಯಿತು. ಸ್ಪ್ರಿಂಗಿಲ್ಲದೆಯೇ ಜೋಡಿಸಿದ ಪಿಸ್ತೂಲನ್ನು ಮಡಿವಾಳೆಪ್ಪ ಒಯ್ದು ಕೊಟ್ಟ. ಪೇದೆ ಅದರ ಸ್ಲೈಡನ್ನು ಹಿಂದಕ್ಕೆ ಎಳೆದ. ಹೋದದ್ದು ಅಲ್ಲೇ ನಿಂತಿತು.

"ಕಾಕಾ, ಬಾಯಿ ತಗದದ್ದು ಮುಚ್ಚವಲ್ದಲ್ಲರಿ!"

"ಪಳಗೇತ್ರಿ ಅದು" ಎಂದ ಮಡಿವಾಳೆಪ್ಪ.

ಠಾಣೆಯ ಕಪಾಟಿನಲ್ಲಿ ಸುತ್ತಲಿನ ಊರುಗಳ ಬಂದೂಕುಗಳೆಲ್ಲ ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದವು. ತನ್ನ ಪಿಸ್ತೂಲಿಗೆ ತನಗಿಂತ ಹೆಚ್ಚು ಮಂದಿ ಸಿಕ್ಕರಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು.

ಸುದ್ದಿ ಮುಟ್ಟಿ ಮಹಾನಂದಾ ಮರುದಿನವೇ ಬಂದಳು. ಬಂದವಳಿಗೆ ಅವನು ಓಲೆ ಕೊಟ್ಟ. ಅವಳು ಅದನ್ನು ಹಾಕಿಕೊಂಡು ರೊಟ್ಟಿ ಬಡಿಯಲು ಕೂತಳು. ಒಂದೆರಡು ದಿನದಲ್ಲಿ ಶರೀಫಸಾಬನೂ ಕಟ್ಟೆಗೆ ಮರಳಿದ. ಚಹಾ ಗಂಟಲಲ್ಲಿ ಇಳಿಯತೊಡಗಿತು.

ಚುನಾವಣೆ ಮುಗಿದು ಫಲಿತಾಂಶವೂ ಬಂತು. ಆ ದಿನ ಮಡಿವಾಳೆಪ್ಪ ಒಳಗೆ ಬಂದು ನೋಡಿದರೆ ಮಹಾನಂದಾ ಬ್ಯಾಗಿಗೆ ಸೀರೆ ತುಂಬುತ್ತಿದ್ದಳು.

"ಎಲ್ಲಿಗೆ ಹೊಂಟಿ?"

"ಅದು ಬರತೈತೆಲ್ಲಾ, ಅದಕ್ಕ ನಾ ಹೊಂಟೆ." ಅವಳು ಸೆರಗಿನ ಗಂಟು ಬಿಚ್ಚಿ ಅವನ ಅಂಗೈಯಲ್ಲಿ ಏನನ್ನೋ ಇಟ್ಟಳು. ಸ್ಪ್ರಿಂಗು! "ಹಿಟ್ಟಿನ ಡಬ್ಬ್ಯಾಗ ಬಿದ್ದಿತ್ತು. ತಗೋರಿ, ನಿಮ್ಮಾಕಿಗೆ ಹಾಕ್ರಿ."

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು.

"ಕಾಕಾ, ಸ್ಟೇಷನ್ನಿಂದ ಮಾತಾಡ್ತೀನ್ರಿ. ಎಲೆಕ್ಷನ್ ಮುಗೀತು, ನಿಮ್ಮ ಪಿಸ್ತೂಲ್ ಒಯ್ಯಾಕ ಬರ್‍ರಿ."

ಮಡಿವಾಳೆಪ್ಪ ಅಂಗೈಯ ಸ್ಪ್ರಿಂಗನ್ನು ನೋಡಿದ, ಬ್ಯಾಗನ್ನು ನೋಡಿದ. ಹೊರಗೆ ಕಟ್ಟೆಯ ಮೇಲೆ ಶರೀಫಸಾಬ ಚಹಾದ ಕಪ್ಪು ಕೆಳಗಿಟ್ಟು ಚಪ್ಪಲಿ ಹುಡುಕುತ್ತಿದ್ದ.

"ಸಾಹೇಬ್ರ," ಎಂದ ಮಡಿವಾಳೆಪ್ಪ ಮೆತ್ತಗೆ, "ಮುಂದಿನ ಎಲೆಕ್ಷನ್ ಯಾವಾಗರಿ? ಅಲ್ಲೀತನಕ ಅದು ನಿಮ್ಮ ಹಂತೇಕನ ಇರ್ಲಿ!"